ಸಿಗ್ನಲ್‌ನಲ್ಲಿ ಇಂಜಿನ್ ಗಡಗಡ ನಡುಗುತ್ತೆ, 11 ಸಾವಿರ ಹೋಯ್ತು, ನಡುಕ ಹೋಗಿಲ್ಲ

ಕೆಂಗೇರಿ_ಕಾರು (ಭಾನುವಾರ ರಾತ್ರಿ)

ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿ 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, 4 ಸಿಲಿಂಡರ್, ಮ್ಯಾನುಯಲ್ ಗೇರ್. 82 ಸಾವಿರ ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ, ಬರೆದರೆ ಎಲ್ಲರೂ ಅದರ ಬಗ್ಗೆಯೇ ಜಗಳ ಶುರು ಮಾಡುತ್ತೀರಿ.

ತೊಂದರೆ ಏನಂದ್ರೆ, ಮೈಸೂರು ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತೆನೋ ಇಲ್ಲವೋ ಗಾಡಿ ನಡುಗಲು ಶುರು. ಸ್ಟೀರಿಂಗ್, ಸೀಟು, ಒಳಗಿನ ಕನ್ನಡಿ ಎಲ್ಲ. ಡ್ಯಾಶ್‌ಬೋರ್ಡ್ ಮೇಲಿರುವ ಪುಟ್ಟ ಗಣಪ ನಾಯಂಡಹಳ್ಳಿ ಬರುವಷ್ಟರಲ್ಲಿ ಮೂರು ಸಲ ಕುಣಿದು ಪಕ್ಕಕ್ಕೆ ತಿರುಗಿರುತ್ತಾನೆ. ಆರ್‌ಪಿಎಂ ಮುಳ್ಳು 650ರಿಂದ 900ರ ಮಧ್ಯೆ ಓಲಾಡುತ್ತೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಹೊರಟು 1,500 ದಾಟಿದರೆ ಬೆಣ್ಣೆ ಥರ ಹೋಗುತ್ತೆ, ಪಿಕಪ್‌ಗೆ ಏನೂ ಕಮ್ಮಿ ಇಲ್ಲ. ಚೆಕ್ ಇಂಜಿನ್ ಲೈಟ್ ಬಂದಿಲ್ಲ.

ಇಲ್ಲಿವರೆಗೆ ಮಾಡಿಸಿದ್ದು: ನಾಲ್ಕೂ ಹೊಸ ಪ್ಲಗ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಕ್ಲೀನಿಂಗ್. ಹೋಗಲಿಲ್ಲ. ಆಮೇಲೆ ಫೌಂಡೇಶನ್ (ಇಂಜಿನ್ ಕೂರಿಸುವ ರಬ್ಬರ್) ಹೋಗಿದೆ ಅಂತ ಎರಡು ಇಂಜಿನ್ ಮೌಂಟಿಂಗ್ ಬದಲಾಯಿಸಿದರು. ಸ್ವಲ್ಪ ಕಮ್ಮಿ ಆದ ಹಾಗೆ ಅನ್ನಿಸಿತು, ಹೋಗಲಿಲ್ಲ. ಒಟ್ಟು 11,400. ಅದರಲ್ಲಿ ಬ್ರೇಕ್ ಆಯಿಲ್ ಟಾಪಪ್ ಅಂತ 150 ಬೇರೆ, ಹೋದ ಸಲವೂ ಹಾಕಿದ್ದರು.

ಎಲ್ಲಕ್ಕಿಂತ ಬೇಜಾರು ಅಂದ್ರೆ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನಿಂತಾಗ ಗಾಡಿ ಅಷ್ಟೊಂದು ನಡುಗುವುದೇ ಇಲ್ಲ. ಮೆಕ್ಯಾನಿಕ್ ನನ್ನ ಮುಖ ಒಂಥರಾ ನೋಡುತ್ತಾನೆ. ಈಗ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇಳಿಸೋಣ ಅನ್ನುತ್ತಿದ್ದಾನೆ. ಇಳಿಸಲಾ?

ಬೊಮ್ಮನಹಳ್ಳಿ_ಬೈಕರ್

ಇದಕ್ಕೆಲ್ಲ ಕಾರಣ ಈಗಿನ ಪೆಟ್ರೋಲ್ ಗುರು. ಶೇ 20 ಎಥನಾಲ್. 2015ರ ಗಾಡಿ ಅದನ್ನು ಕುಡಿಯುವುದಕ್ಕೆ ಹುಟ್ಟಿದ್ದಲ್ಲ. ಸುಮ್ನೆ ಯಾಕೆ ದುಡ್ಡು ಹಾಕುತ್ತೀರಾ, ಮಾರಿಬಿಡಿ.

ಶಿರಸಿ_ಅಡಿಕೆ

ಬಾನೆಟ್ ಒಳಗೆ ಇಲಿ ನೋಡಿದ್ದೀರಾ? ನಗಬೇಡಿ. ಹೋದ ಮಳೆಗಾಲ ನಮ್ಮ ಗಾಡಿ ಒಂದು ವಾರ ಕೊಟ್ಟಿಗೆ ಪಕ್ಕ ನಿಂತಿತ್ತು. ಸ್ಟಾರ್ಟ್ ಮಾಡಿದರೆ ಮೂರೇ ಸಿಲಿಂಡರಿನಲ್ಲಿ ಓಡುತ್ತಿದೆ, ಇಡೀ ಗಾಡಿ ಅಕ್ಕಿ ಮಿಲ್ಲಿನ ಹಾಗೆ. ಪ್ಲಗ್ ನೋಡಿದೆವು, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ನೋಡಿದೆವು, ಸರಿ ಇತ್ತು. ಕೊನೆಗೆ ಇಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಅಡಿಕೆ ಸಿಪ್ಪೆಯ ಮೆತ್ತನೆ ಗೂಡು, ಅದರ ಪಕ್ಕದಲ್ಲೇ ಇಂಜೆಕ್ಟರಿಗೆ ಹೋಗುವ ಎರಡು ವಯರ್ ಹಲ್ಲಿನಿಂದ ಕೆರೆದು ತಾಮ್ರ ಕಾಣುತ್ತಿತ್ತು. ಒಂದು ಪೂರ್ತಿ ತುಂಡು. ಬೆಸುಗೆ ಹಾಕಿ ಟೇಪ್ ಸುತ್ತಿದ್ದಕ್ಕೆ 300 ರೂಪಾಯಿ. ಅದಕ್ಕೂ ಮೊದಲು ಎರಡು ಕಾಯಿಲ್ ತಂದಿಟ್ಟಿದ್ದೆ, ಅವು ಈಗಲೂ ಕಪಾಟಿನಲ್ಲಿವೆ.

ಕುಡ್ಲ_ಕಡಲು

ಮೌಂಟಿಂಗ್ ಎರಡೇ ಯಾಕೆ ಹಾಕಿದ್ದು ಮಾರಾಯ್ರೆ? ಅಡ್ಡ ಕೂತಿರುವ ಇಂಜಿನ್‌ಗೆ ಸಾಮಾನ್ಯ ಮೂರು ಇರುತ್ತದೆ. ಗೇರ್‌ಬಾಕ್ಸ್ ಕಡೆ ಒಂದು, ಇನ್ನೊಂದು ತುದಿಯಲ್ಲಿ ಒಂದು, ಹಿಂದೆ ಕೆಳಗೆ ನಾಯಿಗೆ ಹಾಕುವ ಮೂಳೆಯ ಹಾಗೆ ಕಾಣುವ ಒಂದು. ಎರಡು ಹೊಸದು ಒಂದು ಹಳೇದು ಅಂದರೆ ಹಳೇದರ ನಡುಕ ಹಾಗೇ ಉಳಿಯುವುದು.

ಹಳೇ_ಫಿಟ್ಟರ್

ಇಂಜೆಕ್ಟರ್ ಇಳಿಸಬೇಡಿ. ಇನ್ನು ಒಂದು ರೂಪಾಯಿಯ ಸಾಮಾನೂ ಹಾಕಿಸಬೇಡಿ. ಮೊದಲು ಯಾವ ನಡುಕ ಅಂತ ತಿಳಿದುಕೊಳ್ಳಿ.

ನಾನು 32 ವರ್ಷ ಬಸ್ ಡಿಪೋದಲ್ಲಿ ಇದ್ದವನು, ಈಗ ದಾವಣಗೆರೆಯಲ್ಲಿ ಅಣ್ಣನ ಮಗನ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಗಾಡಿ ನಡುಗುತ್ತೆ ಅಂತ ಬಂದವರಿಗೆ ನಾನು ಕೇಳುವುದು ಒಂದೇ, ಬುರ್ರ್ ಅನ್ನುತ್ತೋ, ಧಗ್ ಧಗ್ ಅನ್ನುತ್ತೋ.

4 ಸಿಲಿಂಡರ್ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಸಲ ಹೊಡೆಯುತ್ತೆ. 750 ಆರ್‌ಪಿಎಂ ಅಂದರೆ ಸೆಕೆಂಡಿಗೆ 25 ಹೊಡೆತ. ಎಲ್ಲ ಸಿಲಿಂಡರ್ ಸರಿಯಾಗಿ ಉರಿದು, ಮೌಂಟಿಂಗ್ ರಬ್ಬರ್ ಮಾತ್ರ ಗಟ್ಟಿಯಾಗಿದ್ದರೆ ಆ 25 ಹೊಡೆತ ಗಾಡಿಯ ಮೈಗೆ ಬರುತ್ತೆ. ಎಣಿಸುವುದಕ್ಕೆ ಆಗಲ್ಲ, ಮೊಬೈಲ್ ವೈಬ್ರೇಟ್ ಆದ ಹಾಗೆ ಬುರ್ರ್ ಅನ್ನುತ್ತೆ, ಸಮವಾಗಿರುತ್ತೆ. ಆದರೆ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದರೆ, ಅಂದರೆ ಸರಿಯಾಗಿ ಉರಿಯದಿದ್ದರೆ, ಅದು ಎರಡು ಸುತ್ತಿಗೆ ಒಂದೇ ಸಲ ಬರುತ್ತೆ. 750ಕ್ಕೆ ಸೆಕೆಂಡಿಗೆ ಸುಮಾರು 6. ಅದನ್ನು ಕೈ ಎಣಿಸುತ್ತೆ. ಸೀಟು ತೂಗುತ್ತೆ, ಧಗ್ ಧಗ್ ಧಗ್. ನಿಮ್ಮ ಗಣಪ ಪಕ್ಕಕ್ಕೆ ತಿರುಗುತ್ತಾನೆ ಅಂದಿರಲ್ಲ, ಬುರ್ರ್ ನಡುಕಕ್ಕೆ ಅವನು ಅಷ್ಟು ತಿರುಗಲ್ಲ. ನನಗೆ ಇದು ಉರಿಯುವುದರ ತೊಂದರೆ ಅನ್ನಿಸುತ್ತೆ, ಕೂರಿಸಿರುವುದರದ್ದಲ್ಲ. ಹೊಸ ಮೌಂಟಿಂಗ್ ಹಾಕಿದಾಗ ಸ್ವಲ್ಪ ಕಮ್ಮಿ ಆಗುವುದು ಸಹಜ. ಹೊಸ ದಿಂಬು ಹಾಕಿದರೆ ಜ್ವರ ಬಿಟ್ಟ ಹಾಗೆ ಅನ್ನಿಸಲ್ವಾ, ಹಾಗೆ.

ಒಂದು ಕೆಲಸ ಮಾಡಿ. ಇಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್ ಬಾಯಿಗೆ ಒಂದು ಸಣ್ಣ ಕಾಗದದ ಪಟ್ಟಿ ಹಿಡಿಯಿರಿ. ಸಮವಾಗಿ ಹೊರಗೆ ತಳ್ಳುತ್ತಿರಬೇಕು. ನಡುನಡುವೆ ತಪ್ಪಿದರೆ ಮಿಸ್ಸಿಂಗ್. ಒಳಗೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಮೇಲೆ ಅನುಮಾನ ಪಡಿ.

ಸಿಎನ್‌ಜಿ_ಸವಾರ

ಗಾಡಿಗೆ ಸಿಎನ್‌ಜಿ ಕಿಟ್ ಇದೆಯಾ? ಇದ್ದರೆ ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಗ್ಯಾಪ್, ನೋಡಿಸಿ. ಗ್ಯಾಸಿನಲ್ಲಿ ವಾಲ್ವ್ ಸೀಟ್ ಬೇಗ ಸವೆಯುತ್ತೆ. ಸವೆದರೆ ಗ್ಯಾಪ್ ಜಾಸ್ತಿ ಆಗುತ್ತೆ ಅಂದುಕೊಳ್ಳುತ್ತಾರೆ, ಉಲ್ಟಾ. ವಾಲ್ವ್ ಸೀಟಿನೊಳಗೆ ಕೂತುಕೊಂಡು ಅದರ ಕಾಂಡ ಮೇಲೆ ಬರುತ್ತೆ, ಗ್ಯಾಪ್ ಕಮ್ಮಿಯಾಗುತ್ತೆ. ಬಿಸಿಯಾದಾಗ ಪೂರ್ತಿ ಮುಚ್ಚುವುದಿಲ್ಲ, ಗಾಡಿ ನಿಂತು ಇಂಜಿನ್ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್. ಟಿಕ್ ಟಿಕ್ ಸದ್ದೂ ಬರಲ್ಲ, ಅದಕ್ಕೇ ಯಾರೂ ನೋಡುವುದೇ ಇಲ್ಲ. ನನ್ನ ಹಳೇ ಗಾಡಿ ಹೀಗೇ ಒಂದು ವರ್ಷ ಸತಾಯಿಸಿತು.

ಕೆಂಗೇರಿ_ಕಾರು

ಕಿಟ್ ಇಲ್ಲ, ಬರೀ ಪೆಟ್ರೋಲ್. ಬಾನೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ, ಇಲಿ ಇಲ್ಲ, ಗೂಡಿಲ್ಲ.

ಫಿಟ್ಟರ್ ಸರ್, ನೀವು ಹೇಳಿದ ಹಾಗೆ ಎಣಿಸಿದೆ. ಇವತ್ತು ಬೆಳಗ್ಗೆ ಸಿಗ್ನಲ್‌ನಲ್ಲಿ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ. ಧಗ್ ಧಗ್ ಅಂತಲೇ ಬರುತ್ತೆ. ಹತ್ತು ಸೆಕೆಂಡಿಗೆ 50ರ ಮೇಲೆ ಎಣಿಸಿದೆ, ಆಮೇಲೆ ಹಿಂದಿನವರು ಹಾರ್ನ್ ಹೊಡೆದರು. ಆದರೆ ಸಂಜೆ ಮನೆ ಮುಂದೆ ಕಾಗದ ಹಿಡಿದಾಗ ಸಮವಾಗಿ ತಳ್ಳಿತು. ಒಂದೂ ತಪ್ಪಲಿಲ್ಲ. ಇದು ನನಗೆ ಮಾತ್ರ ಕಾಣುವ ದೆವ್ವ ಅನ್ನಿಸುತ್ತಿದೆ.

ಡೀಸೆಲ್_ಧಾರವಾಡ

ನಿಮ್ಮದು ಪೆಟ್ರೋಲ್ ಐತಿ, ಆದರೂ ಮುಂದೆ ಓದುವವರಿಗೆ ಬರೆದಿಡುತ್ತೇನ್ರಿ. ಡೀಸೆಲ್ ಗಾಡಿ ಹೀಗೆ ನಡುಗಿದರೆ ಇಂಜೆಕ್ಟರ್ ರಿಟರ್ನ್ ಪೈಪ್ ಬಿಚ್ಚಿ ನಾಲ್ಕಕ್ಕೂ ಒಂದೊಂದು ಬಾಟಲಿ ಕಟ್ಟಬೇಕು. ಸಲೈನ್ ಪೈಪ್ ಸಾಕು. ಐದು ನಿಮಿಷ ಐಡಲ್ ಬಿಡಿ. ಮೂರು ಬಾಟಲಿಯಲ್ಲಿ ಒಂದೇ ಮಟ್ಟ ಇದ್ದು ನಾಲ್ಕನೆಯದು ತುಂಬಿ ಬಂತು ಅಂದರೆ ಕಳ್ಳ ಸಿಕ್ಕ.

ಸ್ಕ್ಯಾನರ್_ಹುಚ್ಚ

ಲೈಟ್ ಬಂದಿಲ್ಲ ಅಂದ ಮಾತ್ರಕ್ಕೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಒಳಗೆ ಏನೂ ಬರೆದಿಲ್ಲ ಅಂತಲ್ಲ. ಸುಮಾರು ತಪ್ಪುಗಳನ್ನು ಎರಡು ಸಲ ಬೇರೆ ಬೇರೆ ಓಟದಲ್ಲಿ ನೋಡಿದ ಮೇಲೆ ಮಾತ್ರ ಲೈಟ್ ಹಾಕುತ್ತೆ. ಮೊದಲ ಸಲ ಪೆಂಡಿಂಗ್ ಕೋಡ್ ಅಂತ ಬರೆದಿಟ್ಟುಕೊಳ್ಳುತ್ತೆ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಹಾಕುವ ಬ್ಲೂಟೂತ್ ಅಡಾಪ್ಟರ್ ಸಾವಿರ ರೂಪಾಯಿ ಒಳಗೆ ಸಿಗುತ್ತೆ, ಮೊಬೈಲಿನಲ್ಲೇ ನೋಡಬಹುದು. ಒಂದು ಮೌಂಟಿಂಗ್‌ಗಿಂತ ಅಗ್ಗ.

ನೋಡಬೇಕಾದ್ದು: ಪೆಂಡಿಂಗ್ ಕೋಡ್, ಶಾರ್ಟ್ ಮತ್ತು ಲಾಂಗ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅಂತ), ಮ್ಯಾಪ್ ಸೆನ್ಸಾರ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ). ಐಡಲ್‌ನಲ್ಲಿ ಒಂದು ಸಲ, 2,500ರಲ್ಲಿ ಹಿಡಿದು ಒಂದು ಸಲ. ಇಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿ ಮ್ಯಾಪ್ ಎಷ್ಟು ಅಂತಲೂ ಬರೆಯಿರಿ.

ಬೊಮ್ಮನಹಳ್ಳಿ ಅವರಿಗೆ ಒಂದು ಮಾತು. ಒಂದು ಕೆಜಿ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಶೇ 20 ಬೆರೆತರೆ ಸುಮಾರು 13.5ಕ್ಕೆ ಬರುತ್ತೆ. ಅಂದರೆ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಹಾಕಬೇಕು. ಆಕ್ಸಿಜನ್ ಸೆನ್ಸಾರ್ ನೋಡಿ ಇಸಿಯು ಅದನ್ನು ತಾನೇ ಸರಿ ಮಾಡಿಕೊಳ್ಳುತ್ತೆ. ಹಳೇ ಗಾಡಿಯ ಮೈಲೇಜು ಇಳಿಯುತ್ತೆ, ರಬ್ಬರ್ ಪೈಪುಗಳ ಬಗ್ಗೆ ಚಿಂತೆಯೂ ಸರಿ. ಆದರೆ ಸಿಗ್ನಲ್‌ನಲ್ಲಿ ನಡುಗಿ ಮನೆ ಮುಂದೆ ಸುಮ್ಮನಿರಲು ಪೆಟ್ರೋಲಿಗೆ ಜಾಗ ಗೊತ್ತಾಗುತ್ತಾ?

ಬೊಮ್ಮನಹಳ್ಳಿ_ಬೈಕರ್

ಆಯ್ತು ಗುರು. ಮೈಲೇಜ್ ಇಳಿದಿದ್ದು ಒಪ್ಪಿಕೊಂಡರಲ್ಲ, ಅಷ್ಟು ಸಾಕು.

ಕೆಂಗೇರಿ_ಕಾರು (ಬುಧವಾರ)

ಅಡಾಪ್ಟರ್ ಬಂತು. 750 ರೂಪಾಯಿ. ಮನೆಯಲ್ಲಿ ಅದಕ್ಕೂ ಬೈಸಿಕೊಂಡೆ.

ಕೀ ಆನ್, ಇಂಜಿನ್ ಆಫ್: ಮ್ಯಾಪ್ 91.
ಮನೆ ಮುಂದೆ ಐಡಲ್: ಮ್ಯಾಪ್ 34, ಶಾರ್ಟ್ ಟ್ರಿಮ್ 0ರಿಂದ +2, ಲಾಂಗ್ ಟ್ರಿಮ್ +6.
2,500ರಲ್ಲಿ: ಲಾಂಗ್ +5. ಹೆಚ್ಚು ಕಮ್ಮಿ ಅಷ್ಟೇ.
ಪೆಂಡಿಂಗ್ ಕೋಡ್: ಪಿ0304.

ಕುಡ್ಲ_ಕಡಲು

ಮ್ಯಾಪ್ ಸೆನ್ಸಾರ್ ಹೋಗಿದೆ ನೋಡಿ. ನನ್ನ ಗಾಡಿಯಲ್ಲಿ ಇಂಜಿನ್ ಆಫ್ ಇದ್ದಾಗ 101 ತೋರಿಸುತ್ತದೆ. ನಿಮ್ಮದು 91.

ಸ್ಕ್ಯಾನರ್_ಹುಚ್ಚ

ಸರ್, ನೀವು ಕಡಲ ಪಕ್ಕ ಇದ್ದೀರಿ. ಇವರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಕೂತಿದ್ದಾರೆ. ಅಲ್ಲಿ ಗಾಳಿಯ ಒತ್ತಡವೇ 91 ಕಿಲೋಪ್ಯಾಸ್ಕಲ್ ಹತ್ತಿರ. ಸೆನ್ಸಾರ್ ಚೆನ್ನಾಗಿದೆ. ನೀವು ಶಿರಾಡಿ ಘಾಟ್ ಹತ್ತುವಾಗ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ನೋಡಲು ಹೇಳಿ, ಮೇಲೆ ಹೋದ ಹಾಗೆ ಇಳಿಯುತ್ತಾ ಹೋಗುತ್ತೆ, ಮಜಾ ಇರುತ್ತೆ.

ಪಿ0304 ಅಂದರೆ 4ನೇ ಸಿಲಿಂಡರ್ ಮಿಸ್‌ಫೈರ್. ಪಿ0300 ಬಂದಿದ್ದರೆ ಯಾವುದು ಅಂತ ಹೇಳಲಾಗದ ಮಿಸ್ಸಿಂಗ್ ಆಗಿರುತ್ತಿತ್ತು, ಈಗ ಒಂದೇ ಮನೆಯ ಬಾಗಿಲು ತಟ್ಟಿದರೆ ಸಾಕು. ಲಾಂಗ್ ಟ್ರಿಮ್ +6 ಎಥನಾಲ್ ಪೆಟ್ರೋಲಿಗೆ ಇರಬೇಕಾದ್ದೇ. ಗಾಳಿ ಸೋರಿಕೆ ಇದ್ದಿದ್ದರೆ ಐಡಲ್‌ನಲ್ಲಿ ಟ್ರಿಮ್ 15, 20 ಹೋಗಿ 2,500ರಲ್ಲಿ ಇಳಿಯಬೇಕಿತ್ತು. ಹಾಗೆ ಇಲ್ಲ. ಸೋರಿಕೆ ಇಲ್ಲ ಅಂತ ನನ್ನ ಲೆಕ್ಕ.

ಈಗ 4ನೇ ಸಿಲಿಂಡರಿನ ಕಾಯಿಲ್ ತೆಗೆದು 2ಕ್ಕೆ ಹಾಕಿ, 2ರದ್ದು 4ಕ್ಕೆ. ಒಂದು 10ರ ಬೋಲ್ಟು ಅಷ್ಟೇ. ಕೋಡ್ ಅಳಿಸಿ ಎರಡು ದಿನ ಓಡಿಸಿ. ಪಿ0302 ಬಂದರೆ ಕಾಯಿಲ್ ಕಳ್ಳ. ಪಿ0304 ಇಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ.

ಹಳೇ_ಫಿಟ್ಟರ್

ಪ್ಲಗ್ ಬಿಚ್ಚಿದಾಗ ಮೂತಿಯ ಬಣ್ಣ ನೋಡಿ ಬರೆಯಿರಿ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆ ಜಿಡ್ಡಿದ್ದರೆ ಆಯಿಲ್. ಬೆಳ್ಳಗೆ ಬೂದಿ ಥರ ಇದ್ದರೆ ಗಾಳಿ ಜಾಸ್ತಿ. ಬಿಗಿ ಮಾಡುವಾಗ ಕೈಯಲ್ಲೇ ಕೊನೆವರೆಗೆ ತಿರುಗಿಸಿ ಆಮೇಲೆ ಪಾನಾ (ಸ್ಪ್ಯಾನರ್) ಹಾಕಿ. ಅಲ್ಯೂಮಿನಿಯಂ ಹೆಡ್, ತಿರುಪಿನ ಮರೆ ಹೋದರೆ 11 ಸಾವಿರ ಏನೂ ಅಲ್ಲ ಅನ್ನಿಸುತ್ತೆ.

ಕೆಂಗೇರಿ_ಕಾರು (ಶನಿವಾರ)

ಕಾಯಿಲ್ ಬದಲಾಯಿಸಿದೆ, ಪಿ0304 ಅಲ್ಲೇ. ಪ್ಲಗ್ ಬದಲಾಯಿಸಿದೆ, ಪಿ0304 ಅಲ್ಲೇ. ಹತ್ತಿರದ ಇನ್ನೊಂದು ಗ್ಯಾರೇಜಿನಲ್ಲಿ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿದೆ, 170, 172, 170, 168, ನಾಲ್ಕೂ ಹೆಚ್ಚು ಕಮ್ಮಿ ಸಮ. ಅವರು ಇಂಜೆಕ್ಟರ್ ಮೇಲೆ ಉದ್ದ ಸ್ಕ್ರೂಡ್ರೈವರ್ ಇಟ್ಟು ಹಿಡಿ ಕಡೆ ಕಿವಿ ಕೊಟ್ಟು ಕೇಳಿದರು, ನನಗೂ ಕೇಳಿಸಿದರು. ನಾಲ್ಕೂ ಟಿಕ್ ಟಿಕ್ ಒಂದೇ ಥರ.

ಪ್ಲಗ್ ಬಣ್ಣ: 1, 2, 3 ಬಿಸ್ಕತ್ತಿನ ಬಣ್ಣಕ್ಕಿಂತ ಸ್ವಲ್ಪ ಕಪ್ಪು. 4 ಮಾತ್ರ ಬೆಳ್ಳಗೆ, ಸುಣ್ಣ ತಾಗಿದ ಹಾಗೆ.

ಹಳೇ_ಫಿಟ್ಟರ್

4ಕ್ಕೆ ಮಾತ್ರ ಎಲ್ಲಿಂದಲೋ ಗಾಳಿ ಬರುತ್ತಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಆ ತುದಿಗೆ ಸೇರುವ ಯಾವುದೋ ಪೈಪು. ಸ್ಕ್ಯಾನರ್ ಹುಡುಗ ಸೋರಿಕೆ ಇಲ್ಲ ಅಂದ. ತಪ್ಪಲ್ಲ, ಆದರೆ ನಿಮ್ಮ ಗಾಡಿಯಲ್ಲಿ ಗಾಳಿ ಅಳೆಯುವ ಮಾಫ್ ಸೆನ್ಸಾರ್ ಏರ್ ಫಿಲ್ಟರ್ ಹಿಂದೆ ಇದೆಯಾ ನೋಡಿ.

ಕೆಂಗೇರಿ_ಕಾರು

ಏರ್ ಫಿಲ್ಟರ್‌ನಿಂದ ಥ್ರಾಟಲ್‌ವರೆಗೆ ಬರೀ ಪೈಪು. ಯಾವ ಸೆನ್ಸಾರೂ ಇಲ್ಲ. ಮ್ಯಾನಿಫೋಲ್ಡ್ ಮೇಲೆ ಒಂದು ಇದೆ.

ಸ್ಕ್ಯಾನರ್_ಹುಚ್ಚ

ಅಯ್ಯೋ, ನನ್ನದೇ ತಪ್ಪು. ವಾಪಸ್ ತಗೊಂಡೆ.

ಮಾಫ್ ಇರುವ ಗಾಡಿಯಲ್ಲಿ ಸೋರಿಕೆಯ ಗಾಳಿ ಲೆಕ್ಕ ತಪ್ಪಿಸಿ ಒಳಗೆ ಬರುತ್ತೆ, ಅದಕ್ಕೇ ಟ್ರಿಮ್ ಏರುತ್ತೆ. ಇವರದ್ದು ಬರೀ ಮ್ಯಾಪ್. ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡುವುದು, ಗಾಳಿ ಯಾವ ಬಾಗಿಲಿನಿಂದ ಬಂತು ಅಂತ ಅಲ್ಲ. ಸೋರಿಕೆಯಿಂದ ಬಂದ ಗಾಳಿಯೂ ಒತ್ತಡ ಏರಿಸುತ್ತೆ, ಇಸಿಯು ಅದಕ್ಕೂ ಸೇರಿಸಿ ಪೆಟ್ರೋಲ್ ಹಾಕುತ್ತೆ, ಆದರೆ ನಾಲ್ಕಕ್ಕೂ ಸಮ ಹಂಚುತ್ತೆ. ಗಾಳಿ ಮಾತ್ರ 4ನೇದಕ್ಕೆ ಜಾಸ್ತಿ ಹೋಗಿದೆ. ಹಾಗಾಗಿ 4 ಬೆಳ್ಳಗೆ, ಉಳಿದ ಮೂರು ಸ್ವಲ್ಪ ಕಪ್ಪು, ಕೂಡಿ ನೋಡಿದರೆ ಆಕ್ಸಿಜನ್ ಸೆನ್ಸಾರಿಗೆ ಎಲ್ಲ ಸರಿ. ಪ್ಲಗ್ ಬಣ್ಣ ಹೇಳಿದ್ದನ್ನು ನನ್ನ ಮೊಬೈಲ್ ಹೇಳಲಿಲ್ಲ.

ಒಂದು ಮಾತ್ರ ಅರ್ಥ ಆಗುತ್ತಿಲ್ಲ. ಸೋರಿಕೆ ಇದ್ದರೆ ಮನೆ ಮುಂದೆಯೂ ಇರಬೇಕಲ್ಲ? ಅಲ್ಲಿ ಮ್ಯಾಪ್ 34, ಅದು ಚೆನ್ನಾಗಿದೆ.

ವಿಜಯನಗರ_ಡ್ರೈವರಮ್ಮ

ನಾನು ಮೆಕ್ಯಾನಿಕ್ ಅಲ್ಲ, ಸುಮ್ಮನೆ ಓದುತ್ತಿದ್ದೆ. ಒಂದು ಪ್ರಶ್ನೆ. ಸಿಗ್ನಲ್‌ನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯುತ್ತೀರಾ ಅಥವಾ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರುತ್ತೀರಾ? ನನ್ನದು 3 ಸಿಲಿಂಡರ್ ಆಟೊಮ್ಯಾಟಿಕ್, ಡಿ ಯಲ್ಲಿ ಬ್ರೇಕ್ ಒತ್ತಿ ನಿಂತಾಗ ನಡುಗುತ್ತೆ, ಎನ್‌ಗೆ ಹಾಕಿದರೆ ಕಮ್ಮಿ. ಅದು 3 ಸಿಲಿಂಡರಿನ ಗುಣ ಅಂತ ಹೇಳಿದರು, ಸುಮ್ಮನಾದೆ. ನಿಮ್ಮದು ಮನೆಯಲ್ಲಿ ನಡುಗಲ್ಲ ಅಂದಿರಿ, ಮನೆ ಮುಂದೆ ನೀವು ಬ್ರೇಕ್ ಮೇಲೆ ಕಾಲಿಟ್ಟಿರಲ್ಲ ಅಲ್ವಾ? ಬಾನೆಟ್ ಹತ್ತಿರ ನಿಂತಿರುತ್ತೀರಿ.

ಹಳೇ_ಫಿಟ್ಟರ್

ತಾಯಿ, ಕೈ ಮುಗಿದೆ.

ಕೆಂಗೇರಿ ಅವರೇ, ಈಗಲೇ ಹೋಗಿ. ಇಂಜಿನ್ ಆನ್, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕೈಯಲ್ಲಿ ಮೊಬೈಲ್. ಮ್ಯಾಪ್ ನೋಡುತ್ತಾ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳಿ. ಎಸಿ, ಫ್ಯಾನ್, ಹಾಡು ಎಲ್ಲ ಆಫ್ ಮಾಡಿ ಪೆಡಲ್ ಹತ್ತಿರ ಕಿವಿ ಕೊಡಿ.

ಕೆಂಗೇರಿ_ಕಾರು (20 ನಿಮಿಷ ಆದ ಮೇಲೆ)

ಕೈ ನಡುಗುತ್ತಿದೆ, ಗಾಡಿಯದ್ದಲ್ಲ, ನನ್ನದೇ.

ಕಾಲು ಬಿಟ್ಟಾಗ 34. ಒತ್ತಿದ ಕೂಡಲೇ 40, 45, 48. ಅಲ್ಲೇ ನಿಲ್ಲುತ್ತೆ. ಮುಳ್ಳು ಓಲಾಡಲು ಶುರು, ಧಗ್ ಧಗ್ ಶುರು. ಬಿಟ್ಟರೆ ನಾಲ್ಕೈದು ಸೆಕೆಂಡಿನಲ್ಲಿ ಶಾಂತ. ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೇ. ಪೆಡಲ್ ಹತ್ತಿರ ಸ್‌ಸ್‌ಸ್ ಅಂತ ಕುಕ್ಕರ್ ಸೀಟಿ ಹಾಕುವ ಮೊದಲು ಬರುತ್ತಲ್ಲ, ಆ ಥರ ಸಣ್ಣ ಸದ್ದು, ಒತ್ತಿರುವಷ್ಟು ಹೊತ್ತೂ. ಮೂರು ತಿಂಗಳಿಂದ ಎಸಿ ಸದ್ದು ಅಂದುಕೊಂಡಿದ್ದೆ.

ಹೆಂಡತಿ ಪೆಡಲ್ ಒತ್ತಿದಳು, ನಾನು ಕಾಗದ ಹಿಡಿದೆ. ತಪ್ಪುತ್ತಿದೆ.

ಹಳೇ_ಫಿಟ್ಟರ್

ಬ್ರೇಕ್ ಬೂಸ್ಟರ್. ಒಳಗಿನ ರಬ್ಬರ್ ಡಯಾಫ್ರಾಮ್ ಹರಿದಿದೆ.

ಹೇಗೆ ಅಂತ ಹೇಳುತ್ತೇನೆ. ಪೆಡಲ್ ಹಿಂದೆ, ಇಂಜಿನ್ ಕಡೆ ಗೋಡೆಗೆ ಅಂಟಿಕೊಂಡು ಒಂದು ದುಂಡನೆ ಕಪ್ಪು ಡಬ್ಬಿ ಇದೆಯಲ್ಲ, ದೊಡ್ಡ ರೊಟ್ಟಿ ತವಾದಷ್ಟು. ಅದರೊಳಗೆ ಎರಡು ಕೋಣೆ, ಮಧ್ಯೆ ರಬ್ಬರ್ ಪರದೆ. ಇಂಜಿನ್ ಮ್ಯಾನಿಫೋಲ್ಡಿನಿಂದ ಒಂದು ಪೈಪು ಬಂದು ಎರಡೂ ಕೋಣೆಯ ಗಾಳಿ ಎಳೆದುಕೊಂಡಿರುತ್ತೆ. ನೀವು ಪೆಡಲ್ ಒತ್ತಿದಾಗ ಹಿಂದಿನ ಕೋಣೆಗೆ ಮಾತ್ರ ಹೊರಗಿನ ಗಾಳಿ ಬಿಡುತ್ತೆ. ಆ ಗಾಳಿ ಪರದೆಯನ್ನು ಮುಂದೆ ತಳ್ಳುತ್ತೆ, ಅದೇ ನಿಮ್ಮ ಕಾಲಿಗೆ ಸಿಗುವ ಸಹಾಯ. ಪರದೆ ಹರಿದಿದ್ದರೆ ಹಿಂದೆ ಬಂದ ಗಾಳಿ ಮುಂದಿನ ಕೋಣೆಗೆ ನುಗ್ಗಿ, ಪೈಪಿನಲ್ಲಿ ಸೀದಾ ಮ್ಯಾನಿಫೋಲ್ಡಿಗೆ. ಕಾಲು ಒತ್ತಿರುವಷ್ಟು ಹೊತ್ತೂ ಇಂಜಿನ್ನಿಗೆ ಬೇಡದ ಗಾಳಿ. ಆ ಪೈಪು ನಿಮ್ಮ ಗಾಡಿಯಲ್ಲಿ ಮ್ಯಾನಿಫೋಲ್ಡಿನ ಯಾವ ತುದಿಗೆ ಸೇರಿದೆ ನೋಡಿ, 4ರ ಕಡೆ ಇರಬೇಕು.

ಖಾತ್ರಿಗೆ ಎರಡು ಪರೀಕ್ಷೆ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತೆ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇನ್ನೊಂದು, ಇಂಜಿನ್ ಓಡುವಾಗ ಒತ್ತಿ ಹಿಡಿದು ಆಫ್ ಮಾಡಿ, 30 ಸೆಕೆಂಡ್ ಹಾಗೇ ಹಿಡಿಯಿರಿ. ಪೆಡಲ್ ಕಾಲನ್ನು ಮೇಲೆ ತಳ್ಳಬಾರದು.

ಆಮೇಲೆ ಬೂಸ್ಟರಿನಿಂದ ಪೈಪು ಕಿತ್ತು ಅದರ ಬಾಯಿ ಬಂದ್ ಮಾಡಿ ಐಡಲ್ ಬಿಟ್ಟು ನೋಡಿ. ನಿಂತಲ್ಲೇ ಮಾತ್ರ. ಹಾಗೇ ಓಡಿಸಬೇಡಿ, ಬ್ರೇಕ್ ಕಲ್ಲಿನ ಹಾಗಾಗುತ್ತೆ.

ಇನ್ನೊಂದು ವಿಷಯ. ಬ್ರೇಕ್ ಆಯಿಲ್ ಎರಡು ಸಲ ಟಾಪಪ್ ಮಾಡಿದ್ದಾರೆ ಅಂದಿರಿ. ಪ್ಯಾಡ್ ಸವೆದರೂ ಮಟ್ಟ ಇಳಿಯುತ್ತೆ, ಆದರೆ ಎರಡು ಸಲ ಅಂದರೆ ನನಗೆ ಅನುಮಾನ. ಚಕ್ರದ ಹತ್ತಿರ ಎಲ್ಲೂ ಒದ್ದೆ ಇಲ್ಲದಿದ್ದರೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರಿ ಆಯಿಲ್ ಬೂಸ್ಟರ್ ಒಳಗೆ ಇಳಿಯುತ್ತಿದೆ. ಆ ಆಯಿಲ್ ತಾಗಿ ರಬ್ಬರ್ ಊದಿ ಕೆಟ್ಟಿರಬೇಕು. ಹಾಗಿದ್ದರೆ ಬೂಸ್ಟರ್ ಒಂದೇ ಹಾಕಿದರೆ ವರ್ಷದಲ್ಲಿ ಮತ್ತೆ ಇದೇ ಕತೆ.

ಇದು ನಡುಕದ ವಿಷಯವೇ ಅಲ್ಲ ಇನ್ನು ಮೇಲೆ. ಸೋಮವಾರ ಆಫೀಸಿಗೆ ಮೆಟ್ರೊದಲ್ಲಿ ಹೋಗಿ.

ಕುಡ್ಲ_ಕಡಲು

ಬ್ರೇಕ್ ಹಿಡಿದರೆ ಇಂಜಿನ್ ನಡುಗುವುದಾ! ನಾನಾದರೆ ಮೂರನೇ ಮೌಂಟಿಂಗ್ ಹಾಕಿಸಿ ಇಂಜೆಕ್ಟರೂ ಇಳಿಸುತ್ತಿದ್ದೆ ಮಾರಾಯ್ರೆ.

ಕೆಂಗೇರಿ_ಕಾರು (ಮುಂದಿನ ಗುರುವಾರ)

ಎಲ್ಲರಿಗೂ ಲೆಕ್ಕ ಒಪ್ಪಿಸುತ್ತೇನೆ.

ಪೈಪು ಕಿತ್ತು ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿದೆ. ಪೆಡಲ್ ಒತ್ತಿದರೂ ಮ್ಯಾಪ್ 34, ಅಲುಗಾಡಲಿಲ್ಲ. ಪೈಪು 4ನೇ ಸಿಲಿಂಡರಿನ ಕಡೆ ತುದಿಗೇ ಸೇರಿದೆ, ಒಂದು ಗೇಣು ದೂರ ಕೂಡ ಇಲ್ಲ. 30 ಸೆಕೆಂಡಿನ ಪರೀಕ್ಷೆಯಲ್ಲಿ ಪೆಡಲ್ 12 ಸೆಕೆಂಡಿಗೇ ಮೇಲೆ ಬಂತು.

ಎರಡನೇ ಗ್ಯಾರೇಜಿನವರ ಹತ್ತಿರ ಮಾಡಿಸಿದೆ. ಮಾಸ್ಟರ್ ಸಿಲಿಂಡರ್ ಬಿಚ್ಚಿ ಎಳೆದಾಗ ಹಿಂದೆ ಒದ್ದೆ, ಬೂಸ್ಟರಿನ ಪೇಂಟು ಅಲ್ಲಿ ಸಿಪ್ಪೆ ಎದ್ದಿತ್ತು. ಫಿಟ್ಟರ್ ಸರ್ ಹೇಳಿದ್ದೇ. ಎರಡನ್ನೂ ಜೆ.ಸಿ. ರಸ್ತೆಯಿಂದ ಒರಿಜಿನಲ್ ತಂದುಕೊಟ್ಟೆ. ಎರಡಕ್ಕೆ 7,900, ಕೂಲಿ ಮತ್ತು ಬ್ರೇಕ್ ಗಾಳಿ ತೆಗೆಯುವುದು ಸೇರಿ 1,800. ಬೂಸ್ಟರ್ ರಿಪೇರಿ ಮಾಡಿಕೊಡುವವರೂ ಅಲ್ಲಿದ್ದಾರೆ, ಕಮ್ಮಿಯಾಗುತ್ತಿತ್ತು, ಬ್ರೇಕ್ ವಿಷಯದಲ್ಲಿ ಬೇಡ ಅನ್ನಿಸಿತು.

ಈಗ ಸಿಗ್ನಲ್‌ನಲ್ಲಿ ಎಸಿ ಹಾಕಿ, ಬ್ರೇಕ್ ಒತ್ತಿ ನಿಂತರೆ ಮುಳ್ಳು 850ಕ್ಕೆ ಅಂಟಿಸಿದ ಹಾಗೆ ನಿಲ್ಲುತ್ತೆ. ನಾಲ್ಕು ದಿನದಿಂದ ಪೆಂಡಿಂಗ್ ಕೋಡ್ ಇಲ್ಲ. ಪೆಡಲ್ ಎಷ್ಟು ಹಗುರ ಆಗಿದೆ ಅಂದರೆ ಮೊದಲ ದಿನ ಮನೆ ಗೇಟ್ ಹತ್ತಿರ ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ಅಂದರೆ ಬ್ರೇಕ್ ಗಟ್ಟಿ ಆಗುತ್ತಾ ಬಂದಿದ್ದು ನನಗೆ ಗೊತ್ತೇ ಆಗಿರಲಿಲ್ಲ, ಕಾಲು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಒತ್ತಿಕೊಂಡು ಹೋಗಿದೆ.

ಎಸಿ ಹಾಕಿದಾಗ ಇನ್ನೂ ಒಂದು ಸಣ್ಣ ಬುರ್ರ್ ಉಳಿದಿದೆ. ಎಣಿಸಲು ಆಗುವುದಿಲ್ಲ, ಹಾಗಾಗಿ ಅದು ಕುಡ್ಲದವರ ಮೂರನೇ ಮೌಂಟಿಂಗ್ ಇರಬೇಕು. ಸಂಬಳ ಆದ ಮೇಲೆ.

ವಿಜಯನಗರ_ಡ್ರೈವರಮ್ಮ

ಖುಷಿ ಆಯ್ತು. ನಾನೂ ನಿನ್ನೆ ಆ 30 ಸೆಕೆಂಡಿನ ಪರೀಕ್ಷೆ ಮಾಡಿದೆ, ನಮ್ಮದು ಸರಿ ಇದೆ. ನಡುಕ 3 ಸಿಲಿಂಡರಿನದ್ದೇ ಅಂತೆ, ಇರಲಿ ಬಿಡಿ.

ಹಳೇ_ಫಿಟ್ಟರ್

ಹಳೇ ಬೂಸ್ಟರ್ ಗುಜರಿಗೆ ಹಾಕಿದಿರಾ? ಇದ್ದರೆ ಗ್ಯಾರೇಜಿನವರಿಗೆ ಹೇಳಿ ಬಿಚ್ಚಿಸಿ ನೋಡಿ. ನೀವೇ ಬಿಚ್ಚಬೇಡಿ, ಒಳಗೆ ದೊಡ್ಡ ಸ್ಪ್ರಿಂಗ್ ಇರುತ್ತೆ, ಮುಖಕ್ಕೆ ಹಾರುತ್ತೆ.

ಕೆಂಗೇರಿ_ಕಾರು

ಬಿಚ್ಚಿಸಿದೆ ಸರ್. ವೈಸ್‌ಗೆ ಕಚ್ಚಿಸಿ ಅಂಚು ಬಿಡಿಸಿ ನಿಧಾನಕ್ಕೆ ಎತ್ತಿದರು. ತಳದಲ್ಲಿ ಎರಡು ಚಮಚದಷ್ಟು ಕಂದು ಬಣ್ಣದ ಬ್ರೇಕ್ ಆಯಿಲ್. ಡಯಾಫ್ರಾಮ್ ಮೇಲಿನ ಅರ್ಧ ಗಟ್ಟಿಯಾಗಿ ಚೆನ್ನಾಗಿತ್ತು, ಕೆಳಗಿನ ಅರ್ಧ, ಆಯಿಲ್ ನಿಂತ ಕಡೆ, ನೀರಲ್ಲಿ ನೆನೆದ ಹಪ್ಪಳದ ಹಾಗೆ ಮೆತ್ತಗೆ ಊದಿಕೊಂಡಿತ್ತು. ಮಡಿಕೆ ಬೀಳುವ ಜಾಗದಲ್ಲಿ ಕಿರುಬೆರಳಿನ ಉಗುರಿನಷ್ಟು ಸೀಳು. ಅಷ್ಟೇ. ಅದನ್ನು ತೊಳೆದು ಮನೆಗೆ ತಂದಿದ್ದೇನೆ, ಮಗಳು ಬೆರಳು ತೂರಿಸಿ ಆಟ ಆಡುತ್ತಿದ್ದಾಳೆ.